ಅಡ್ಡಿಲ್ಲ

ನಾಲ್ಕೂ ಮುಕ್ಕಾಲಿಗೆ ಮೊದಲ ಫೋನು ವಾಮನ ಖಾರ್ವಿಗೆ.
ಗಂಗೊಳ್ಳಿಯ ಬಂಗುಡೆ ರಾತ್ರಿಯೇ ಘಾಟಿ ಹತ್ತಿಸಿ
ಖಾಲಿ ಕ್ರೇಟು ಕುಣಿಸುತ್ತ ಇಳಿಯುವ ಹೊತ್ತು ಅವನದು.
'ಬಾಳೆಬರೆ ಹ್ಯಾಂಗಿತ್ತ್ ಮಾರಾಯಾ?'
'ಅಡ್ಡಿಲ್ಲ.'

ಈ ಒಂದು ಪದದಲ್ಲಿ ಕುಂದಾಪುರದ ಸಂಸಾರವೆಲ್ಲ ನಡೆಯುತ್ತದೆ.
ಜ್ವರ ಬಿಟ್ಟವನನ್ನು ಕೇಳಿದರೆ ಅಡ್ಡಿಲ್ಲ,
ಹುಡುಗನನ್ನು ನೋಡಿ ಬಂದ ಮೇಲೆ ಅಡ್ಡಿಲ್ಲ,
ಸಾರಿಗೆ ಉಪ್ಪು ಹೆಚ್ಚಾದರೂ
ಬಡಿಸಿದವಳು ಎದುರಿಗೇ ನಿಂತಿದ್ದರೆ ಅಡ್ಡಿಲ್ಲ.
ನನಗೀಗ ಬೇಕಾದ್ದು ಬರೀ ಅದರ ಅಕ್ಷರಾರ್ಥ:
ಅಡ್ಡ ಏನಾದರೂ ಬಿದ್ದಿದೆಯೋ, ಇಲ್ಲವೋ?
ಮರ? ಮಣ್ಣು? ಮಗುಚಿದ ಲಾರಿ?

ನಾನು ತಕ್ಕಡಿ ರಿಪೇರಿಯವನು.
ಘಟ್ಟದ ಮೇಲಿನ ಅಂಗಡಿಗಳ ಮುಳ್ಳು ನೆಟ್ಟಗೆ ಮಾಡಲು
ತೂಕದ ಬಟ್ಟು ಬೈಕಿಗೆ ಕಟ್ಟಿಕೊಂಡು ಹೋಗುವವನು.
ಎಡಕ್ಕೆ ಹದಿನೈದು ಕಿಲೋ, ಬಲಕ್ಕೆ ಹದಿನೈದು.
ತಿರುವಿನಲ್ಲಿ ಒಂದು ಹಿಡಿ ಜಲ್ಲಿ ಸಿಕ್ಕಿದರೆ ಸಾಕು,
ಮೂವತ್ತು ಕಿಲೋ ತನ್ನ ನಿಜವಾದ ತೂಕ ಹೇಳಿಬಿಡುತ್ತದೆ.
ಹೋದ ಆಗಸ್ಟಿನಲ್ಲಿ ನನ್ನ ಮಂಡಿಗೆ ಹೇಳಿತ್ತು.

ಆಮೇಲೆ ಗಿರಿಜಕ್ಕ, ಹೊಸಂಗಡಿಯ ಚಾ ಹೋಟ್ಲು.
ಫೋನು ಹಿಡಿದೇ ಅಂಗಳಕ್ಕಿಳಿಯುತ್ತಾಳೆ:
ಚಪ್ಪಲಿಯ ಸದ್ದು, ನಾಯಿಗೆ ಬೈದದ್ದು,
'ನಿಲ್ಲಿ, ಬಸ್ಸಿನ್ ಚಕ್ರ ಕಂಡ್ಕಂಡ್ ಹೇಳ್ತೆ.'
ಚಕ್ರ ಬರೀ ಒದ್ದೆಯಿದ್ದರೆ ಮಳೆ,
ಕಪ್ಪು ಮೆತ್ತಿದ್ದರೆ ಎಲ್ಲೋ ಟಾರು ಸುರಿದಿದ್ದಾರೆ,
ಕೆಂಪಾದರೆ ದರೆ ಜರಿದಿದೆ.
'ಕೆಂಪಿತ್ತ್. ದೇವಸ್ಥಾನದ್ ಮೇಲಿನ್ ತಿರ್ವಿನ್ ಮಣ್ಣೇ ಇಕ್ಕ್.
ಆರೆ ಅಡ್ಡಿಲ್ಲ.'

ಕಡೆಗೆ ಗೇಟಿನ ಬಚ್ಚ ನಾಯ್ಕರು, ಕೆಮ್ಮುತ್ತ:
'ಮೂರ್ ಗಂಟೆಗೆ ಕಾಟಿ ಅಡ್ಡ ನಿಂತಿತ್ತ್.
ಈಗಿಲ್ಲ. ಅಡ್ಡಿಲ್ಲ.'

ಒಂದು ಘಾಟಿಯಲ್ಲಿ ಎಷ್ಟು ರಸ್ತೆ!
ವಾಮನನದು ಮಂಜುಗಡ್ಡೆ ಕರಗುವುದರೊಳಗೆ ಮುಗಿಯಬೇಕಾದದ್ದು.
ನಾಯ್ಕರದು ಮೃಗಗಳದು, ನಾವು ಅಲ್ಲಿ ಅಡ್ಡ ಬಂದವರು.
ಗಿರಿಜಕ್ಕ ಮೂವತ್ತು ವರ್ಷದಿಂದ ಒಮ್ಮೆಯೂ ಮೇಲೆ ಹೋದವಳಲ್ಲ,
ರಸ್ತೆಯೇ ಟಯರಿಗೆ ಅಂಟಿಕೊಂಡು
ದಿನಾ ಅವಳ ಬಾಗಿಲಿಗೆ ಬರುತ್ತದೆ.
ನನ್ನದು ಅಗಲದಲ್ಲಿ ನಾಲ್ಕು ಬೆರಳು.
ಅದನ್ನು ಯಾರಲ್ಲಿ ವಿಚಾರಿಸಲಿ?

ಹೊರಟೆ.
ಸಿದ್ದಾಪುರ ದಾಟುವಾಗ ಪೇಪರಿನ ಕಟ್ಟು ಬಿಚ್ಚುತ್ತಿದ್ದರು.
ಮಣ್ಣು, ಗಿರಿಜಕ್ಕ ಅಂದಲ್ಲೇ ಇತ್ತು,
ಹಸಿ ಹಸಿ, ಅರ್ಧ ರಸ್ತೆ ನುಂಗಿ.
ಅದರ ನಡುವೆ ನನಗಿಂತ ಮೊದಲು ಹಾದ ಯಾರೋ
ಬಿಟ್ಟುಹೋದ ಒಂದೇ ಒಂದು ಗೆರೆ.
ಅದರೊಳಗೆ ಚಕ್ರವಿಟ್ಟೆ, ಕಾಲೆರಡೂ ಕೆಳಗೆ ಬಿಟ್ಟು,
ಬೆಲ್ಲ ಕೊಳ್ಳುವವಳು ಮುಳ್ಳನ್ನೇ ದಿಟ್ಟಿಸುವಂತೆ
ಎಡಬಲ ಅಳೆಯುತ್ತ, ಉಸಿರು ಹಿಡಿದು.
ಆ ಮನುಷ್ಯನ ಮುಖ ನನಗೆ ಗೊತ್ತಿಲ್ಲ.
ಅವನೊಬ್ಬನೇ ಸರಿಯಾಗಿ ಹೇಳಿದ್ದ.

ಸಂಜೆ ಇಳಿದು ಹೋಟ್ಲಿನೆದುರು ನಿಲ್ಲಿಸಿದ್ದೇ ತಡ,
ಮಂಗಳೂರು ಕಡೆಯ ಹುಡುಗನೊಬ್ಬ, ಹೊಸ ಬೈಕು,
ಸೀಟಿನ ಪ್ಲಾಸ್ಟಿಕ್ಕೂ ತೆಗೆದಿಲ್ಲ,
ಹಿಂದೆ ಕೂತವಳ ಮಡಿಲಲ್ಲಿ ಮಡಚಿದ ಡೇರೆ.
'ಮೇಲೆ ರೋಡು ಹೇಗುಂಟು ಅಣ್ಣಾ?'

ಬಾಯಿಗೆ ಬಂದೇಬಿಟ್ಟಿತ್ತು ಆ ಪದ.
ನಾನು ಆ ತಿರುವು ಹಾದದ್ದು ನಾಲ್ಕೂವರೆಗೆ.
ಈಗ ಐದೂ ಹತ್ತು.
ನಡುವಿನ ನಲವತ್ತು ನಿಮಿಷ ಗುಡ್ಡ ಏನು ಮಾಡಿತೋ.
ತಕ್ಕಡಿಗಾದರೆ ಸೀಲು ಒತ್ತುತ್ತಾರೆ,
ಇಷ್ಟು ಕಾಲ ಇದನ್ನು ನಂಬಬಹುದು ಎಂದು.

'ನಾಲ್ಕೂವರೆಗೆ ಅಡ್ಡಿ ಇರ್ಲಿಲ್ಲ' ಎಂದೆ.
ಅವನು ನಕ್ಕ. 'ಅಂದ್ರೆ, ಹೋಗ್ಬಹುದಲ್ಲ?'

ಗಿರಿಜಕ್ಕ ಕೈಯೊರೆಸುತ್ತ ಹೊರಬಂದಳು.
ನನ್ನ ಹಿಂದಿನ ಚಕ್ರಕ್ಕೆ ಬಗ್ಗಿ, ಬೆರಳಲ್ಲಿ ಚೂರು ಕೆರೆದು,
ಹೊಸೆದು, ಬೆಳಕಿಗೆ ಹಿಡಿದಳು.
ಮೇಲೆ ಮೋಡ ನೋಡಿದಳು.
'ಕೂಕಣಿ' ಅಂದಳು ಅವರಿಬ್ಬರಿಗೆ,
'ಮುಂದಿನ್ ಬಸ್ ಇಳ್ದ್ ಬರ್ಲಿ. ಚಾ ಕುಡ್ದ್ಕಂಡ್ ಕಾಂಬ.'